ಮಾಮನ ಕ್ಯಾಸೆಟ್ಟಿನ ಕೊನೆಯ ಹಾಡು

ಇವತ್ತು ಬಿಜೈಯಲ್ಲಿರುವ ಮಾಮನ ಮನೆಯಲ್ಲಿ, ಅವರ ಅಚ್ಚುಮೆಚ್ಚಿನ ರಾಕ್ ಬ್ಯಾಂಡಿನ ಕೊನೆಗಾಲದ ಹಾಡುಗಳ ಸಂಕಲನವನ್ನು ನನ್ನ ಫೋನಿನಲ್ಲಿ ಹಾಕಿದೆ. ಗಿಟಾರ್ ಶುರುವಾದದ್ದೇ ತಡ, ಮೂಗಿಗೆ ದುಬೈ ಸಾಬೂನಿನ ಪರಿಮಳ ಬಂತು.

ನನ್ನ ಬಾಲ್ಯದಲ್ಲಿ ಮಾಮ ದುಬೈಯಲ್ಲಿದ್ದರು. ಫೋನು ದುಬಾರಿ. ಊರಿಗೆ ಬರುವವರ ಕೈಯಲ್ಲಿ ಸಾಬೂನಿನ ಜೊತೆ ತಮ್ಮ ಮಾತು ತುಂಬಿದ ಕ್ಯಾಸೆಟ್ ಕಳಿಸುತ್ತಿದ್ದರು. ಅದನ್ನು ಕೇಳಿದ ಮೇಲೆ ನನ್ನ ಉಮ್ಮ, ಎಂದರೆ ಅಮ್ಮ, ಅದರ ಮೇಲೆಯೇ ಉತ್ತರ ರೆಕಾರ್ಡ್ ಮಾಡಿ ತಮ್ಮನಿಗೆ ಹಿಂದೆ ಕಳಿಸುವುದು ರೂಢಿ.

ಒಮ್ಮೆ ಬಂದ ಕ್ಯಾಸೆಟ್ಟಿನಲ್ಲಿ ಮಾತೇ ಇರಲಿಲ್ಲ, ಬರೇ ಈ ಹಾಡುಗಳು. ನನಗೆಂದೇ ಮಾಮ ತುಂಬಿಸಿದ್ದರು. ವಯಸ್ಸಾಗಿ ಒರಟಾದ ಸ್ವರ ಇಷ್ಟು ಚೆಂದ ಇರಬಹುದೆಂದು ನನಗೆ ಗೊತ್ತಾದದ್ದು ಆ ದಿನ. ಆ ಹಾಡುಗಾರರಿಗೆ ಯಾರನ್ನೂ ಮೆಚ್ಚಿಸುವ ಅವಸರವೇ ಇರಲಿಲ್ಲ.

ಉಮ್ಮ ಮಾತ್ರ ಬೂತಾಯಿ ಮೀನು ಶುಚಿ ಮಾಡುತ್ತಾ, "ಈಗ ಮಾತಾಡ್ತಾನೆ, ಈಗ ಮಾತಾಡ್ತಾನೆ" ಎಂದು ಕೊನೆಯ ಹಾಡಿನವರೆಗೂ ಕಾದರು. ಹಾಡು ಅರ್ಧಕ್ಕೆ ಬಂದಾಗ ತಾಳ್ಮೆ ತಪ್ಪಿತು. ಕೈ ತೊಳೆದು ಬಂದು ರೆಕಾರ್ಡಿನ ಕೆಂಪು ಗುಂಡಿ ಒತ್ತಿಯೇಬಿಟ್ಟರು.

"ಎಂತ ಮಾರಾಯ, ಬರೇ ಪದ್ಯ ಕಳಿಸಿದ್ದೀಯಲ್ಲ! ಸರಿಯಾಗಿ ಊಟ ಮಾಡ್ತೀಯಾ ಇಲ್ವಾ?"

ಹಾಡು ಹಾಳಾಯಿತೆಂದು ನಾನು ದಿನವಿಡೀ ಅತ್ತೆ. ಆ ಕ್ಯಾಸೆಟ್ ದುಬೈಗೆ ಹೋದದ್ದು ಹಿಂದೆ ಬರಲೇ ಇಲ್ಲ. ಅದನ್ನು ಮಾಮ ತಮ್ಮಲ್ಲೇ ಇಟ್ಟುಕೊಂಡರು.

ಉಮ್ಮ ಈಗ ಇಲ್ಲ. ಫೋನಿನಲ್ಲಿ ಕೊನೆಯ ಹಾಡು ತಡೆಯಿಲ್ಲದೆ ಸಾಗುತ್ತಿತ್ತು. ಅರ್ಧಕ್ಕೆ ಬಂದಾಗ ಮಾಮ ಕಣ್ಣು ಮುಚ್ಚಿ ಮೆಲ್ಲನೆ ಹೇಳಿದರು, "ಮಾಡ್ತೇನೆ ಅಕ್ಕ, ಸರಿಯಾಗಿಯೇ ಊಟ ಮಾಡ್ತೇನೆ."