ನಮ್ಮ ಮಾವ ಎಲೆ ನೋಡುತ್ತಿದ್ದರು

ಕಾಯಿಲೆ ಬಿದ್ದ ಗಿಡದ ಎಲೆಯನ್ನು ಯಾರಾದರೂ ಕೈಗೆ ಕೊಟ್ಟರೆ ನಮ್ಮ ಮಾವ ಮೊದಲು ಅದನ್ನು ನೆಕ್ಕುತ್ತಿದ್ದರು. ಎಲೆಯ ಅಂಚನ್ನು ನಾಲಗೆಯ ತುದಿಗೆ ಮುಟ್ಟಿಸಿ, ಕಣ್ಣು ಮುಚ್ಚಿ, ಸಾರಿನ ಉಪ್ಪು ನೋಡುವವರ ಹಾಗೆ ಒಂದು ಗಳಿಗೆ ಸುಮ್ಮನಿದ್ದು, ಪಕ್ಕಕ್ಕೆ ತಿರುಗಿ ತೂ ಎಂದು ಉಗಿಯುತ್ತಿದ್ದರು. ನೆಕ್ಕುವ ಮುಂಚೆ ತಪ್ಪದೆ ಒಂದು ಪ್ರಶ್ನೆ ಕೇಳುತ್ತಿದ್ದರು.

"ಎಣ್ಣಿ ಏನಾರ ಹೊಡದೀರೇನ್ರಿ?"

ಎಣ್ಣೆ ಎಂದರೆ ನಮ್ಮ ಕಡೆ ಹುಳುವಿಗೆ ಹೊಡೆಯುವ ಔಷಧ. ಇಲ್ಲ ಎಂದರೆ ಮಾತ್ರ ನಾಲಗೆ ಹೊರಗೆ ಬರುತ್ತಿತ್ತು. "ಹೊಡದಿದ್ರ ಈಗ ಹೇಳಿಬಿಡ್ರಿ. ಗಿಡ ನೋಡಾಕ ಬಂದೋನ್ನ ನೀವು ಆಸ್ಪತ್ರಿಗೆ ಒಯ್ಯೋದು ಬ್ಯಾಡ" ಎನ್ನುತ್ತಿದ್ದರು.

ಹತ್ತರಲ್ಲಿ ಆರು ಸಲ ಅವರ ತೀರ್ಪು ಒಂದೇ: ಉಪ್ಪು. ನಮ್ಮ ಸೀಮೆಯ ಬೋರಿನ ನೀರು ಅಂಥದ್ದು. ಕುಂಡದ ಬಾಯಿಗೆ ಸುಣ್ಣ ಬಳಿದ ಹಾಗೆ ಬಿಳಿ ಕಟ್ಟುತ್ತದೆ, ಎಲೆಯ ಅಂಚು ಸುಟ್ಟ ಕಾಗದದ ಹಾಗೆ ಕಂದಾಗುತ್ತದೆ. "ನಿಮಗ ಫಿಲ್ಟರ್ ನೀರು, ಅದಕ್ಕ ಸವಳು ನೀರು. ವಾರಕ್ಕೊಂದು ಸಲ ಅದಕ್ಕೂ ಫಿಲ್ಟರ್ ನೀರು ಕುಡಸ್ರಿ. ತಳದಾಗಿಂದ ಹರದು ಹೋಗಬೇಕು, ಅಷ್ಟು." ಔಷಧ ಎಂದರೆ ಇಷ್ಟೇ.

ಮಾವ ಎಂದರೆ ನನ್ನ ಗಂಡನ ತಂದೆ; ಹೆಸರು ಓಬಣ್ಣ. ಊರಿಗೆಲ್ಲ ನರ್ಸರಿ ಓಬಜ್ಜ. ಗುಡೇಕೋಟೆ ಕಡೆಯ ಕುರಿ ಸಾಕುವ ಮನೆತನ. ಕುರಿಗಳನ್ನು ಅಣ್ಣನಿಗೆ ಬಿಟ್ಟು ಕೂಡ್ಲಿಗಿಯ ಸರ್ಕಾರಿ ನರ್ಸರಿಯಲ್ಲಿ ಮಾಲಿಯಾಗಿ ಸೇರಿದವರು, ವಯಸ್ಸಾಗಿ ಬಿಡುವ ತನಕ ಅಲ್ಲೇ ಇದ್ದರು. ಮಳೆಗಾಲದಲ್ಲಿ ಸಸಿಗಳೆಲ್ಲ ಲಾರಿ ಹತ್ತಿ ಹೋದಮೇಲೆ ಹಿಂದಿನ ಸಾಲಿನಲ್ಲಿ ಕೆಲವು ಉಳಿಯುತ್ತಿದ್ದವು. ಪ್ಲಾಸ್ಟಿಕ್ ಚೀಲದೊಳಗೆ ಬೇರು ಸುತ್ತಿಕೊಂಡು, ವರ್ಷ ಎಷ್ಟಾದರೂ ಮೊಣಕಾಲೆತ್ತರ ದಾಟದಂಥವು. ಅವನ್ನು ಗುಂಡಿಗೆ ಹಾಕು ಎಂದು ಮೇಲಿನವರು ಹೇಳಿದರೆ ಇವರು ಮನೆಗೆ ಹೊತ್ತು ತರುತ್ತಿದ್ದರು. ಬಸರಿ, ಹುಣಸೆ, ಕಮರ. ತೂತಾದ ಬಾಂಡ್ಲಿ, ಒಡೆದ ಕೊಡದ ತಳ, ಸಿಕ್ಕಿದ್ದರಲ್ಲಿ ನೆಟ್ಟರು. ಹಾಗೆ ಸಾಕಿದ ಮರಗಳು ನಮ್ಮ ಅಂಗಳದ ಗೋಡೆಯುದ್ದಕ್ಕೂ ನಿಂತಿದ್ದವು, ಗೇಣುದ್ದದ ಅಜ್ಜಂದಿರ ಹಾಗೆ. ಇದಕ್ಕೆ ಬೋನ್ಸಾಯ್ ಎನ್ನುತ್ತಾರೆ, ಪಟ್ಟಣದಲ್ಲಿ ಸಾವಿರಗಟ್ಟಲೆ ಕೊಡುತ್ತಾರೆ ಎಂದು ಯಾರೋ ಹೇಳಿದಾಗ ಮಾವ, "ಹೆಸರು ಏನರ ಇರ್ಲಿ, ಹೊಟ್ಟಿಗೆ ಕಮ್ಮಿ ಹಾಕಿ ಸಾಕಿದ ಮರ" ಎಂದರಂತೆ.

ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಲ್ಲೂ ಇಂಥ ಮರಗಳನ್ನು ತಂದಿಟ್ಟುಕೊಂಡವರಿದ್ದರು. ತಂಪು ಊರಿನಿಂದ ತಂದ ಮರ ನಮ್ಮ ಬಿಸಿಲಿಗೆ ತಿಂಗಳೊಳಗೆ ಮುಖ ಬಾಡಿಸುತ್ತಿತ್ತು. ಆಗ ಮಾವನಿಗೆ ಫೋನು. ಹೆಗಲ ಮೇಲೊಂದು ಟವೆಲು, ಜೇಬಿನಲ್ಲೊಂದು ಬಿಳಿ ಕರವಸ್ತ್ರ, ಬಸ್ಸು ಹತ್ತಿದರೆ ಮುಗಿಯಿತು. ಕರವಸ್ತ್ರ ಬೆವರಿಗಲ್ಲ. ಎಲೆಯ ಹಿಂಬದಿಯನ್ನು ಅದರಲ್ಲಿ ಒರೆಸಿ, ಇಟ್ಟಿಗೆ ಬಣ್ಣದ ಗೀರು ಬಿದ್ದರೆ ಕೆಂಪು ನುಸಿ ಎಂದು ಹೇಳಲಿಕ್ಕೆ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳ, ಒಣ ಸೆಕೆಯಲ್ಲಿ ಹೆಚ್ಚು.

ಕೊಟ್ಟೂರಿನ ಎಂಜಿನಿಯರ್ ಸಾಹೇಬರೊಬ್ಬರು ಒಂದು ಕಥೆಯನ್ನು ತಾವೇ ಹೇಳಿಕೊಂಡು ನಗುತ್ತಿದ್ದರು. ಅವರ ಮರ ಮಾಳಿಗೆಯ ಮೇಲೆ, ಬರಿಯ ಕಾಂಕ್ರೀಟಿನ ಮೇಲಿತ್ತು. ದಿನವೂ ನೀರು ಹಾಕಿದರೂ ಮಧ್ಯಾಹ್ನವಾದರೆ ಎಲೆ ಜೋಲುತ್ತಿತ್ತು. ಮಾವ ಮರದ ಕಡೆ ನೋಡಲೂ ಇಲ್ಲವಂತೆ.

"ಸಾಹೇಬ್ರ, ಚಪ್ಪಲಿ ಬಿಡ್ರಿ. ಇಲ್ಲಿ ನಿಂದರ್ರಿ."

"ಯಾಕಜ್ಜ?"

"ನಿಂದರ್ರೀ, ಹೇಳ್ತೀನಿ."

ಏಪ್ರಿಲ್ ತಿಂಗಳ ಮಧ್ಯಾಹ್ನ. ಸಾಹೇಬರು ಒಂದು ಕಾಲು, ಇನ್ನೊಂದು ಕಾಲು, ಮತ್ತೆ ಮೊದಲಿನ ಕಾಲು ಎಂದು ಕುಣಿಯತೊಡಗಿದರು. "ನಿಮಗ ಎರಡು ಕಾಲು ಅದಾವ, ಎತ್ತಿ ಇಡತೀರಿ. ಅದೇನ್ ಮಾಡಬೇಕ್ರಿ?" ಎಂದು ಮಾವ ಅಲ್ಲೇ ಬಿದ್ದಿದ್ದ ಹಲಗೆ ಎಳೆದು, ಎರಡು ಇಟ್ಟಿಗೆ ಕೊಟ್ಟು, ಕುಂಡವನ್ನು ಅದರ ಮೇಲಿಟ್ಟು, ಸುತ್ತ ಒದ್ದೆ ಗೋಣಿಚೀಲ ಸುತ್ತಿ ಬಂದರಂತೆ.

ಇದೆಲ್ಲ ನಾನು ಅವರ ಜೊತೆ ತಿರುಗುವುದಕ್ಕಿಂತ ಮುಂಚಿನ ಮಾತು. ನಾನು ತಂಬ್ರಹಳ್ಳಿಯಿಂದ ಸೊಸೆಯಾಗಿ ಬಂದವಳು. ಎಸ್ಸೆಸ್ಸೆಲ್ಸಿ ಓದಿ, ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದೆ. ಅತ್ತೆ ನಾನು ಬರುವ ಮುಂಚೆಯೇ ತೀರಿದ್ದರು. ಮಾವನ ಎದುರು ಕೂರುವುದಿಲ್ಲ, ಕೇಳಿದ್ದಕ್ಕಿಂತ ಹೆಚ್ಚು ಮಾತಿಲ್ಲ, ತಲೆಯ ಮೇಲಿನ ಸೆರಗು ಜಾರುವ ಹಾಗಿಲ್ಲ. ವರ್ಷಗಟ್ಟಲೆ ನಮ್ಮ ನಡುವೆ ಇದ್ದದ್ದು "ಊಟಕ್ಕ ಬರ್ರಿ", "ಹ್ಞೂಂ" ಎರಡೇ.

ಒಂದು ಬೆಳಿಗ್ಗೆ ಅವರು ನೀರು ಹಾಕುತ್ತಿದ್ದರು. ತಂಬಿಗೆಯಿಂದ ಸಣ್ಣಗೆ ಬಿಡುತ್ತ, "ಕುಡಿ, ಕುಡಿ, ಅವಸರ ಇಲ್ಲ" ಎನ್ನುತ್ತಿದ್ದರು. ನೀರು ಬೀಳುತ್ತಿದ್ದದ್ದು ಕುಂಡದ ಪಕ್ಕದ ಕಲ್ಲಿನ ಮೇಲೆ. ನಾನು ಸದ್ದಿಲ್ಲದೆ ಹೋಗಿ ಕುಂಡವನ್ನು ನೀರಿನ ಕೆಳಗೆ ಸರಿಸಿದೆ.

"ಕುಂಡ ಸರಿಸಿದೇನವ್ವ?"

"ಹ್ಞೂಂರಿ ಮಾವ."

"ಎಷ್ಟು ದಿನ ಆತು ಸರಿಸಾಕ ಹತ್ತಿ?"

"ಎಂಟು ದಿನ ಆತ್ರಿ."

ಅವರು ತಂಬಿಗೆ ಇಟ್ಟು ಕಟ್ಟೆಯ ಮೇಲೆ ಕೂತು ನಕ್ಕುಬಿಟ್ಟರು. ಬಳ್ಳಾರಿಯ ಕಣ್ಣಿನ ಡಾಕ್ಟರು ಆಗಲೇ ಹೇಳಿದ್ದರಂತೆ, ಇದು ಪೊರೆಯಲ್ಲ, ಕಣ್ಣಿನ ಹಿಂದಿನ ನರ ಒಣಗುತ್ತಿದೆ, ಹೋದ ನೋಟ ಬರುವುದಿಲ್ಲ ಎಂದು. ಮನೆಯಲ್ಲಿ ಮಗನಿಗೂ ಹೇಳಿರಲಿಲ್ಲ. "ಬೇರು ಹೋಗೈತವ್ವ. ಮ್ಯಾಲೆ ಏನು ಹಾಕಿದ್ರೂ ಚಿಗಿಯಂಗಿಲ್ಲ" ಎಂದರು. ಆಮೇಲೆ ದನಿ ತಗ್ಗಿಸಿ, "ಯಾರ ಮುಂದೂ ಅನಬ್ಯಾಡ. ಕಣ್ಣಿಲ್ಲದೋನ್ನ ಎಲಿ ನೋಡಾಕ ಯಾರು ಕರೀತಾರ? ಕರಿಯೋದು ನಿಂತ್ರ ನಾ ಈ ಕಟ್ಟಿ ಮ್ಯಾಲಿನ ಇನ್ನೊಂದು ಕುಂಡ ಆಕ್ಕೀನಿ" ಎಂದರು.

ಹಾಗಾಗಿ ಅವರ ಕಣ್ಣಾಗಿ ನಾನು ಬಸ್ಸು ಹತ್ತಿದೆ. ನನ್ನ ಗಂಡನಿಗೊಬ್ಬರಿಗೆ ಮಾತ್ರ ಗುಟ್ಟು ಹೇಳಿದ್ದೆ; ಅವರು, "ಅಪ್ಪನ ಜೊತಿ ನೀ ಹೋಗು, ಹೊಲಿಗಿ ನಾಳೆ ಆಕತಿ" ಎಂದರು. ಹೊರಗೆ ಹೇಳಲಿಕ್ಕೆ, ಸೊಸೆ ಕೆಲಸ ಕಲಿಯುತ್ತಿದ್ದಾಳೆ ಎಂದು. ಮಾವನ ಪಕ್ಕದ ಸೀಟಿನಲ್ಲಿ ಮೊದಲ ದಿನ ನಾನು ಅರ್ಧ ಮಾತ್ರ ಕೂತಿದ್ದೆ. ಕಾನಹೊಸಹಳ್ಳಿ ದಾಟುವಷ್ಟರಲ್ಲಿ ರಸ್ತೆಯ ಗುಂಡಿಗಳು ನನ್ನನ್ನು ಪೂರ್ತಿ ಕೂರಿಸಿದವು.

ಎಲೆಯನ್ನು ಬಾಯಲ್ಲಿ ಹೇಳುವುದನ್ನು ಅವರು ನನಗೆ ಮನೆಯ ಅಂಗಳದಲ್ಲೇ ಕಲಿಸಿದರು. "ಹಳದಿ ಆಗೈತ್ರಿ" ಎಂದರೆ ಸಿಟ್ಟು.

"ಯಾ ಹಳದಿ? ಅರಿಷಿಣೋ, ನಿಂಬಿಹಣ್ಣೋ, ತುಪ್ಪೋ?"

"ತುಪ್ಪ ಅನ್ನಂಗ ಐತ್ರಿ."

"ಹೊಸ ಎಲಿಯೋ, ಹಳೇದೋ?"

"ಹೊಸವು. ಆದ್ರ ನರ ಮಾತ್ರ ಹಸರು ಅದಾವ."

"ಹಂಗನ್ನು ಮತ್ತ! ಸವಳು ನೀರಿಗೆ ಕಬ್ಬಿಣ ಹತ್ತವಲ್ದು ಅದಕ್ಕ. 'ಹಾಳಾಗೈತಿ' ಅಂತ ಎಂದೂ ಅನಬ್ಯಾಡ. ಅದು ಎಲಿ ಸುದ್ದಿ ಅಲ್ಲ, ನಿನ್ನ ಮನಸಿನ ಸುದ್ದಿ."

ಹರಪನಹಳ್ಳಿಯ ಒಂದು ಮನೆಗೆ ಹೋಗಿದ್ದೆವು. ಅತ್ತೆ, ಸೊಸೆ, ಒಂದು ಆಲದ ಮರ. ಕೆಳಗಿನ ಹಳೆಯ ಎಲೆಗಳು ಅರಿಷಿಣದ ಬಣ್ಣಕ್ಕೆ ತಿರುಗಿ, ಮೆತ್ತಗಾಗಿ, ಮುಟ್ಟಿದರೆ ಬೀಳುತ್ತಿದ್ದವು. ನಾನು ಗೊಣಗುವವಳ ಹಾಗೆ ಎಲ್ಲವನ್ನೂ ಹೇಳಿದೆ. ಮಾವ ಮಣ್ಣಿಗೆ ಬೆರಳಿಳಿಸಿ ಮೂಸಿ ನೋಡಿದರು. ಹುಳಿ ವಾಸನೆ.

"ನೀರು ಯಾರು ಹಾಕ್ತೀರಿ?"

"ನಾನೇ" ಎಂದರು ಅತ್ತೆ.

"ನಾನೇ" ಎಂದಳು ಸೊಸೆ, ಅಡುಗೆಮನೆಯಿಂದ.

ಮಾವ ಬೆರಳು ಒರೆಸಿಕೊಂಡರು. "ಗಿಡಕ್ಕ ಏನೂ ಆಗಿಲ್ರಿ. ಈ ಮನ್ಯಾಗ ಇಬ್ಬರು ಮಾತು ಬಿಟ್ಟಾರ, ಅದಕ್ಕ ನೀರು ಹೆಚ್ಚಾಗೈತಿ." ಅತ್ತೆಯ ಮುಖ ಕೆಂಪಾಯಿತು. ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಮಾವ ಕೊಟ್ಟ ಔಷಧ ಇದು: ನೀರು ಹಾಕುವ ಮುಂಚೆ ಒಬ್ಬರನ್ನೊಬ್ಬರು, ಹಾಕಿದೆಯಾ ಎಂದು ಕೇಳಬೇಕು. ಒಂದೂವರೆ ತಿಂಗಳಿಗೆ ಆ ಸೊಸೆಯ ಫೋನು ಬಂತು. "ಅಜ್ಜ, ಗಿಡ ಒಣಗ್ತಾ ಇದೆ. ಈಗ ನಾನೂ ಅತ್ತೆನೂ ಮಾತಾಡ್ತಾ ಕೂತ್ಕೊಂಡು ಇಬ್ರೂ ಮರೀತೀವಿ." ಮಾವ ಫೋನು ಹಿಡಿದುಕೊಂಡೇ ಕೆಮ್ಮು ಬರುವ ತನಕ ನಕ್ಕರು.

ಆದರೆ ಒಂದು ಸಲ ಗುಟ್ಟು ರಟ್ಟಾಗಿಯೇಬಿಟ್ಟಿತು ಅಂದುಕೊಂಡೆ. ಹಡಗಲಿಯಲ್ಲಿ ಶಾರದಮ್ಮ ಎಂಬ ನಿವೃತ್ತ ಟೀಚರ ಮನೆ. ನಾನು ಒಳಗೆ ಚಹಾ ಲೋಟ ಹಿಡಿಯಲು ಹೋದೆ. ಹಾಲಿನಲ್ಲಿ ಮಾವ ಮತ್ತು ಟೀಚರ ಯಜಮಾನರು. ಮಾವ ಕೈ ಚಾಚಿ ಮೊದಲು ಸಿಕ್ಕ ಕುಂಡವನ್ನು ಎಳೆದುಕೊಂಡಿದ್ದಾರೆ. ನಾನು ತಟ್ಟೆ ಹಿಡಿದು ಬರುವಾಗ ಅವರ ನಾಲಗೆಯ ಮೇಲೆ ಒಂದು ಎಲೆ ಇತ್ತು. ಪ್ಲಾಸ್ಟಿಕ್ ಗಿಡದ ಎಲೆ! ಯಜಮಾನರು ಬಾಯಿ ತೆರೆದು ಕೂತಿದ್ದರು. 

ಮಾವ ನಿಧಾನವಾಗಿ ನಾಲಗೆ ಒಳಗೆಳೆದುಕೊಂಡರು. "ಇದಕ್ಕ ಯಾ ಬ್ಯಾನಿನೂ ಇಲ್ರಿ. ನೀರು ಬ್ಯಾಡ, ನೆಳ್ಳು ಬ್ಯಾಡ, ನನ್ನಂಥಾವ ಮೊದ್ಲ ಬ್ಯಾಡ. ಎಲ್ರೂ ಇಂಥವ ಇಟಗೊಂಡ್ರ ನನ್ನ ಬಸ್ಸಿನ ತಿರುಗಾಟ ತಪ್ತೈತಿ." ಯಜಮಾನರು ತೊಡೆ ತಟ್ಟಿಕೊಂಡು ನಕ್ಕರು. ಬಸ್ಸಿನಲ್ಲಿ ನಾನು, "ನನ್ನ ಜೀವ ಹೋಗಿತ್ರಿ ಮಾವ" ಎಂದೆ.

"ನಿನ್ನ ಜೀವ ಇರ್ಲಿ, ನನ್ನ ನಾಲಿಗಿ ನೋಡು. ಎಷ್ಟು ವರ್ಷದ ಧೂಳ ಇತ್ತೋ ಅದರ ಮ್ಯಾಲೆ!"

ಮುಂದಿನ ಬೇಸಿಗೆ ಅದೇ ಮನೆಗೆ ಹೋದಾಗ ಶಾರದಮ್ಮ ನನ್ನನ್ನು ಪಕ್ಕಕ್ಕೆ ಕರೆದರು. "ಮೆಟ್ಲಿಗೆ ಹೊಸ ಕಲ್ಲು ಹಾಕ್ಸೀವಿ, ಅಜ್ಜಾರ ಕೈ ಹಿಡ್ಕೊಂಡು ಇಳಸು. ಅವರಿಗೆ ಕಾಣಂಗಿಲ್ಲಂತ ನಮಗ ಗೊತ್ತೈತಿ. ಕೊಟ್ಟೂರಿನ ಸಾಹೇಬ್ರಿಗೂ ಗೊತ್ತು. ಗಿಡ ಉಳಿತಾವ, ಕರಿತೀವಿ. ನೀ ಅವರ ಮುಂದ ಅನಬ್ಯಾಡ, ಮನಸಿಗೆ ಹಚ್ಕೊಂತಾರ."

ಅಂದಿನಿಂದ ನನಗೆ ಎರಡು ಗುಟ್ಟು. ಮಾವನದನ್ನು ಊರಿಂದ ಬಚ್ಚಿಡಬೇಕು, ಊರಿನದನ್ನು ಮಾವನಿಂದ. ಒಂದೂವರೆ ವರ್ಷ ಹಾಗೇ ತಿರುಗಿದೆವು.

ಕಳೆದ ಚಳಿಗಾಲದಲ್ಲಿ ಅವರು ಹಾಸಿಗೆ ಹಿಡಿದರು. ಉಸಿರಾಟದ ತೊಂದರೆ. ಬಸ್ಸು ನಿಂತಿತು. ಒಂದು ಸಂಜೆ ಅಂಗಳದ ಮರಗಳ ವರದಿ ಒಪ್ಪಿಸಿ ಮುಗಿಸಿದ ಮೇಲೆ ನನಗೆ ತಡೆಯಲಾಗಲಿಲ್ಲ. ಅವರು ಅಷ್ಟು ಜೋಪಾನ ಮಾಡಿದ ಗುಟ್ಟು ಎಂದಿನಿಂದಲೋ ಗುಟ್ಟಾಗಿ ಉಳಿದಿರಲಿಲ್ಲ ಎಂದು ಹೇಳದೆ ಕಳಿಸಿಕೊಡುವುದು ಸುಳ್ಳು ಹೇಳಿದಂತೆ ಅನಿಸಿತು.

"ಮಾವ, ಆ ಮನಿಯೋರಿಗೆಲ್ಲ ನಿಮ್ಮ ಕಣ್ಣಿನ ಸುದ್ದಿ ಗೊತ್ತಿತ್ರಿ."

"ಗೊತ್ತೈತಿ."

"ನಿಮಗ? ಯಾವಾಗಿಂದ್ರಿ?"

"ನಾ ಒಳಗ ಕಾಲಿಟ್ಟಕೂಡ್ಲೇ ಚಪ್ಪಲಿ ಸರಸ್ತಿದ್ರು, ಕುರ್ಚಿ ಎಳೀತಿದ್ರು. ಕಣ್ಣು ಹೋಗಿತ್ತು, ಕಿವಿ ಇತ್ತಲ್ಲ."

"ಮತ್ತ ನನಗ್ಯಾಕ ಹೇಳಲಿಲ್ರಿ?"

ಅವರು ಉಸಿರು ಸುಧಾರಿಸಿಕೊಂಡರು. "ಹೇಳಿದ್ರ, ಇನ್ನ ನನ್ನ ಕೆಲಸೇನು ಐತಿ ಅಂತ ನೀ ಹೊಲಿಗಿ ಮಿಷಿನ್ ಮುಂದ ಕುಂದರ್ತಿದ್ದಿ. ನಾಕು ಊರು ನೋಡೋದು ತಪ್ತಿತ್ತು ನಿನಗ. ಬಸ್ಸಿನ್ಯಾಗ ನೀ ನಗಾಕ ಕಲತಿದ್ದಿ."

 ಆಮೇಲೆ ಅವರೇ, "ಈಗ ನಿನ್ನ ಮಾರಿ ಯಾ ಬಣ್ಣ ಆಗೈತಿ ಹೇಳು" ಎಂದು ಕೆಣಕಿದರು. ವಾರ ತುಂಬುವುದರೊಳಗೆ ತೀರಿಕೊಂಡರು.

ತಿಂಗಳು ಕಳೆದ ಮೇಲೆ ಹಗರಿಬೊಮ್ಮನಹಳ್ಳಿಯಿಂದ ಫೋನು ಬಂತು. ಹುಣಸೆ ಮರ ಎಲೆ ಉದುರಿಸುತ್ತಿದೆ, ಅಜ್ಜ ಇಲ್ಲ, ನೀನಾದರೂ ಬಾ ಎಂದು. ಹೋದೆ. ಎಲೆಯನ್ನು ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ನೋಡಿದರೂ ನನಗೆ ಏನೂ ತೋಚಲಿಲ್ಲ. ಕೊನೆಗೆ ಪಕ್ಕದ ಖಾಲಿ ಕುರ್ಚಿಯ ಕಡೆ ಸ್ವಲ್ಪ ತಿರುಗಿ, ಗಟ್ಟಿಯಾಗಿ ಒಂದೊಂದೇ ಹೇಳುತ್ತ ಹೋದೆ. ಬಿಸಿಲ ಕಡೆಯವು, ತುದಿ ಒಣಗ್ಯಾವ, ಹಿಂದ ಕೆಂಪು ಧೂಳ ಐತಿ. ಹೇಳುತ್ತ ಹೇಳುತ್ತ ರೋಗ ಕಂಡಿತು, ಕೆಂಪು ನುಸಿ. ಆ ಮನೆಯವರು ಯಾರೂ, ಯಾರಿಗೆ ಹೇಳುತ್ತಿದ್ದೀ ಎಂದು ಕೇಳಲಿಲ್ಲ.