ಮೇಷ್ಟ್ರ ಆಕಾಶದ ಸರ್ವೆ

ನಿನ್ನೆ ಕರೆಂಟು ಹೋದಾಗ ಲಾಟೀನು ಹಚ್ಚಿದೆ. ಗಾಜು ಅಲುಗದಂತೆ ಸಿಕ್ಕಿಸಿದ್ದ ಕಾಗದ ಬಿಸಿಯೇರಿ ಕಮಟು ವಾಸನೆ ಬಂತು. ಅಷ್ಟು ಸಾಕಾಯಿತು, ಜಗಳೂರಿನ ನಮ್ಮ ಪಕ್ಕದ ಮನೆ ಮೇಷ್ಟ್ರು ನೆನಪಾದರು. ಕಣ್ಣು ಕುಕ್ಕಬಾರದೆಂದು ಅವರು ಲಾಟೀನಿಗೆ ಕೆಂಪು ಕಾಗದ ಸುತ್ತುತ್ತಿದ್ದರು. ಅದು ಆಗಾಗ ಹೊತ್ತಿಕೊಳ್ಳುತ್ತಿತ್ತು...

ಆಗ ಯುದ್ಧದ ಕಾಲ. ನಾನು ಹೊನ್ನಾಳಿಯಿಂದ ಮದುವೆಯಾಗಿ ಬಂದ ಹೊಸದು. ನಸುಕಿನಲ್ಲಿ ನಾನು ಅಂಗಳಕ್ಕೆ ನೀರು ಹಾಕುವ ಹೊತ್ತಿಗೆ ಮೇಷ್ಟ್ರು ಮಾಳಿಗೆಯ ಮೇಲೆ ನಕ್ಷೆ ಹಿಡಿದು ಕೂತಿರುತ್ತಿದ್ದರು. ಅಚ್ಚಾದ ಆ ನಕ್ಷೆಯ ಒಂದೊಂದು ಚುಕ್ಕಿಯನ್ನೂ ಆಕಾಶದಲ್ಲಿ ಹುಡುಕಿ, ಅದು ಪಕ್ಕದ್ದಕ್ಕಿಂತ ಮಂಕೋ ಬೆಳಕೋ ಎಂದು ನೋಡುವುದು ಅವರ ಹುಚ್ಚು. ಕೇಳಿದವರಿಗೆ "ಆಕಾಶದ ಸರ್ವೆ" ಎನ್ನುತ್ತಿದ್ದರು. ನಮ್ಮ ಕಡೆ ಸರ್ವೆ ಎಂದರೆ ಹೊಲ ಅಳೆದು ಕಂದಾಯ ಏರಿಸುವುದೇ. "ಮ್ಯಾಲಿಂದ ಅಳೀತಾರಂತೆ, ಒತ್ತುವರಿ ಮಾಡ್ಕಂಡೋರು ಹುಷಾರು" ಎಂದು ಕಟ್ಟೆಯ ಮೇಲೆ ಕೂತವರು ನಗುತ್ತಿದ್ದರು. ಮೇಷ್ಟ್ರೂ ನಗುತ್ತಿದ್ದರು.

ಒಂದು ನಸುಕಿನಲ್ಲಿ ಮಾಳಿಗೆಯಿಂದ ಕೂಗಿದರು. "ತಂಗೀ, ಅಗಸ್ತ್ಯನ ಹತ್ರ ನೋಡವ್ವ. ನಿನ್ನೆ ಇತ್ತೇನು ಅದು?"

ದಕ್ಷಿಣಕ್ಕೆ ನೋಡಿದೆ. ಅಗಸ್ತ್ಯ ನಕ್ಷತ್ರ ನನಗೂ ಗೊತ್ತು. ಅದರಿಂದ ಸ್ವಲ್ಪ ದೂರದಲ್ಲಿ ಇನ್ನೊಂದು ಚೆನ್ನಾಗಿಯೇ ಉರಿಯುತ್ತಿತ್ತು. "ಇರಲಿಲ್ರಿ" ಎಂದೆ. ನಕ್ಷೆಯಲ್ಲೂ ಇರಲಿಲ್ಲ. ಕಣ್ಣಿಗೇ ಕಾಣದ ಚುಕ್ಕಿ ಹೀಗೆ ಒಮ್ಮೆಲೇ ಬೆಳಗುವುದುಂಟಂತೆ, ಮೊದಲು ತಿಳಿಸಿದವರ ಹೆಸರು ಉಳಿಯುತ್ತದಂತೆ. ಇದನ್ನು ಹೇಳುತ್ತಲೇ ಮೇಷ್ಟ್ರು ನಕ್ಷೆಯಲ್ಲಿ ಆ ಜಾಗಕ್ಕೆ ಗುರುತು ಹಾಕಿಕೊಂಡರು.

ಬೆಳಗಾಗುತ್ತಲೇ ನಕ್ಷತ್ರ ನೋಡುವ ವೀಕ್ಷಣಾಲಯದವರಿಗೆ ತಂತಿ ಕೊಡಲು ಓಡಿದರು. "ಸರ್ವೆ ಮಾಡುವಾಗ ಕಂಡಿತು" ಎಂದು ಬರೆದು, ಆಕಾಶದಲ್ಲಿ ಅದರ ಜಾಗ ತಿಳಿಸುವ ಅಂಕಿಗಳನ್ನು ಸೇರಿಸಿದ್ದರು. ಅಲ್ಲೇ ಕೆಟ್ಟಿತು. ತಂತಿ ಗುಮಾಸ್ತರು ಕಾಗದ ತಿರುಗಿಸಿ ಮುರುಗಿಸಿ ನೋಡಿದರಂತೆ.

"ಯುದ್ಧದ ಟೈಮಿನಾಗೆ ಏನ್ ಸರ್ವೆ ಮಾಡ್ತೀರಿ ಮೇಷ್ಟ್ರೆ? ಈ ಅಂಕಿ ಯಾರಿಗೆ? ಮ್ಯಾಲಿನೋರ್ನ ಕೇಳ್ದೆ ಕಳ್ಸಾಕೆ ಆಗಲ್ರಿ."

ಮೇಷ್ಟ್ರು ಸರ್ವೆ ಎಂಬುದನ್ನು ಹೊಡೆದುಹಾಕಿ ಕೊಟ್ಟರು. ಹೊಡೆದುಹಾಕಿದ್ದಕ್ಕೇ, ಶತ್ರುಗಳಿಗೆ ಏನೋ ಗುಟ್ಟು ಕಳಿಸುತ್ತಿದ್ದಾರೆಂಬ ಅನುಮಾನ ಇನ್ನಷ್ಟು ಬಲವಾಯಿತು. ಮೇಲಿನವರ ಅಪ್ಪಣೆಗಿಂತ ಮೊದಲು ಪತ್ರಿಕೆ ಬಂತು. ಕಡಲಾಚೆಯ ಯಾರೋ ಅದನ್ನು ಕಂಡು ತಿಳಿಸಿಯಾಗಿತ್ತು.

ಕಟ್ಟೆಯವರಿಗೆ ಮಾತ್ರ ಸಂಭ್ರಮ. "ನಿಮ್ ಚುಕ್ಕಿ ಪೇಪರ್‌ನಾಗೆ ಬಂದೈತ್ರಿ ಮೇಷ್ಟ್ರೆ!" ಅವರದು ಕುಚೋದ್ಯವಲ್ಲ, ನಿಜವಾದ ಹೆಮ್ಮೆ. ಮೇಷ್ಟ್ರು "ಹ್ಞೂಂ, ಬಂತಲ್ಲ" ಎಂದು ಒಳಗೆ ಹೋದರು. ಆ ಗುಮಾಸ್ತರ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಆತನಾದರೂ ಏನು ಮಾಡಿಯಾನು, ನೌಕರಿಯ ಭಯ... ಚುಕ್ಕಿ ದಿನದಿಂದ ದಿನಕ್ಕೆ ಮಂಕಾಯಿತು. ಮೇಷ್ಟ್ರು ಮಾಳಿಗೆ ಹತ್ತುವುದನ್ನೇ ಬಿಟ್ಟರು. ಆಮೇಲೆ ನ್ಯಾಮತಿಗೆ ವರ್ಗವಾಯಿತು, ಅಲ್ಲೇ ತೀರಿಕೊಂಡರೆಂದು ಕೇಳಿದೆ.

ಈಗ ನನಗೂ ಸಾಕಾಗಿದೆ. ಮೊಣಕಾಲು ನೋವಿಗೆ ನಸುಕಿನಲ್ಲೇ ಎಚ್ಚರವಾದರೂ ಹೊರಗೆ ಬರಲು ಮನಸ್ಸಾಗುವುದಿಲ್ಲ. ಅವರು ಕಂಡದ್ದಕ್ಕೆ ಉಳಿದಿರುವ ಸಾಕ್ಷಿ ನಾನೊಬ್ಬಳೇ. ಅದಕ್ಕೇ ನಿನ್ನೆ ಮೊಮ್ಮಗಳನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಕೊನೆಗೆ ಅವಳು, "ಅವರ ಹೆಸರೇನಜ್ಜಿ?" ಎಂದಳು.

ನಮಗೆಲ್ಲ ಅವರು ಬರೀ ಮೇಷ್ಟ್ರು. ಹೆಸರು ನನಗೂ ಗೊತ್ತಿಲ್ಲ.