ಸುಣ್ಣ ತೊಳೆದ ವೀರಗಲ್ಲು

ಶಿಕಾರಿಪುರದಿಂದ ಸೊರಬಕ್ಕೆ ಇಪ್ಪತ್ತು ವರ್ಷ ಬಸ್ಸಿನಲ್ಲಿ ಓಡಾಡಿ ಗುಮಾಸ್ತಿಕೆ ಮಾಡಿದವನು ನಾನು. ನಡುವೆ ಒಂದು ದಿನವೂ ಇಳಿದವನಲ್ಲ. ನಿವೃತ್ತಿಯಾದ ಮೇಲೆ ಸ್ಕೂಟರ್ ಹತ್ತಿ, ಯಾರೂ ನಿಲ್ಲದ ಆ ರಸ್ತೆಯಲ್ಲಿ ಏನೇನಿದೆ ಎಂದು ಪಟ್ಟಿ ಮಾಡತೊಡಗಿದೆ. ಹೊರಗಿನವರು ಕೇಳುವುದು ಗುಡವಿ ಪಕ್ಷಿಧಾಮದ ಹಕ್ಕಿಗಳನ್ನು ಮಾತ್ರ. ನನಗೆ ಜಗಲಿಯ ಮೇಲೆ ಕಂಬಳಿ ಮಾರುವವರು ಸಿಕ್ಕರು, ಪಂಕ್ಚರ್ ಹಾಕುತ್ತಲೇ ಕ್ಷೌರವನ್ನೂ ಮಾಡುವ ಪುಣ್ಯಾತ್ಮ ಸಿಕ್ಕ. ಜೊತೆಗೆ ಎಲ್ಲಿ ನಿಂತರೂ ಗುಟ್ಕಾ ಚೀಟಿ, ಉಗುಳು, ಬೋರ್ಡಿನ ಹಿಂದೆ ಉಚ್ಚೆಯ ವಾಸನೆ. ಪಟ್ಟಿಗಿಂತ ನನ್ನ ಬೈಗುಳವೇ ಉದ್ದವಾಯಿತು.

ಸೊರಬದ ಕಡೆಯ ಒಂದು ತಿರುವಿನಲ್ಲಿ ಚಹಾದಂಗಡಿ. ಗಂಡ ಕುರಿ ಮೇಯಿಸಲು ಹೋದರೆ ಹೆಂಡತಿ ಅಂಗಡಿ ನೋಡಿಕೊಳ್ಳುತ್ತಾಳೆ. ಮಿರ್ಚಿ ಬಲು ರುಚಿ. ಬೆಂಚಿನ ಪಕ್ಕದಲ್ಲೇ ಎದೆಯೆತ್ತರದ ವೀರಗಲ್ಲು. ಅದಕ್ಕೆ ಸುಣ್ಣ ಬಳಿದು ಬಳಿದು ವೀರನ ಮುಖ ಹಿಟ್ಟಿನ ಮುದ್ದೆಯಾಗಿತ್ತು. ನನಗೆ ಮೈಯೆಲ್ಲ ಉರಿಯಿತು.

“ಯಾರಮ್ಮ ಇದಕ್ಕೆ ಸುಣ್ಣ ಬಳಿದಿದ್ದು?”

“ನಾನೇ ಸರ್. ವರ್ಷಾ ದೀಪಾವಳಿಗೆ ಬಳೀತೀನಿ. ಬಳೀದಿದ್ರೆ...”

ಮುಂದೆ ಹೇಳಲು ನಾನು ಬಿಡಲಿಲ್ಲ. ಇತಿಹಾಸ, ಶಿಲ್ಪ, ಸಂಸ್ಕಾರ ಎಂದು ಹದಿನೈದು ನಿಮಿಷ ಕೊರೆದೆ. ಮರುದಿನ ಬ್ರಷ್ಷು, ತೆಂಗಿನ ನಾರು ಹಿಡಿದುಕೊಂಡು ಹೋಗಿ ಅರ್ಧ ದಿನ ಉಜ್ಜಿದೆ. ಮೊದಲು ಕತ್ತಿ ಬಂತು, ಆಮೇಲೆ ಬಾಲ ಎತ್ತಿದ ಎರಡು ಹಸು, ಕೊನೆಗೆ ವೀರನ ಮುಖ. ಫೋಟೋ ತೆಗೆದು, ಅಂಗಡಿಯ ಗುರುತನ್ನೂ ಹಾಕಿ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಹೊಗಳಿಕೆಗೆ ಉಬ್ಬಿಹೋದೆ.

ಎರಡು ತಿಂಗಳ ಮೇಲೆ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಗೆಳೆಯನೊಬ್ಬನಿಗೆ ನನ್ನ ವೀರನನ್ನು ತೋರಿಸಲು ಹೋದೆ. ಮೊದಲು ವಾಸನೆ ಬಂತು. ಕಲ್ಲಿನ ತುಂಬ ಗುಟ್ಕಾ ಉಗುಳು, ಒಣಗಿದ್ದರ ಮೇಲೆ ಹಸಿಯದು. ಹಸುಗಳ ಮೂತಿಗೆ ನೊಣ ಮುತ್ತಿದ್ದವು. ಕತ್ತಿಯ ಸಂದಿನಲ್ಲಿ ಯಾರೋ ಅಗಿದು ತುಪ್ಪಿದ ಅಡಿಕೆಯ ಉಂಡೆ. ಗೆಳೆಯ ಮೂಗು ಮುಚ್ಚಿಕೊಂಡು ಸ್ಕೂಟರ್ ಹತ್ತಿರ ಹೋಗಿ ನಿಂತ. ಬೆಂಚು ಖಾಲಿಯಿತ್ತು, ಬಾಣಲೆ ಒಲೆಯ ಮೇಲಿರಲಿಲ್ಲ. ಆಕೆ ಕಲ್ಲಿಗೆ ನೀರು ಎರಚುತ್ತಿದ್ದಳು.

“ಸುಣ್ಣ ಇದ್ದಾಗ ದೇವ್ರು ಅಂತ ಇದ್ರ ಮೇಲೆ ಯಾರೂ ಉಗೀತಿರ್ಲಿಲ್ಲ ಸರ್. ಈಗ ಬರೀ ಕಲ್ಲು ಕಾಣ್ತೈತೆ. ದಿನಾ ತೊಳೀತೀನಿ. ಇದ್ರ ಪಕ್ಕ ಕೂತು ಮಿರ್ಚಿ ಯಾರು ತಿಂತಾರೆ? ಹಿಂಗೇ ಆದ್ರೆ ಅಂಗಡಿ ಮುಚ್ಚೋದೇ.”

“ಅವತ್ತೇ ಹೇಳಬೇಕಿತ್ತಲ್ಲಮ್ಮ!”

“ಹೇಳಾಕೆ ಬಿಟ್ರೇನ್ರೀ ನೀವು?”

ಥೂ ಎನ್ನಲು ಬಾಯಿ ತೆರೆಯಹೋದೆ. ಬಾಯಿ ತುಂಬ ಎಲೆ ಅಡಿಕೆಯ ರಸವಿತ್ತು. ಆಗಲೇ ನೆನಪಾಯಿತು. ಈ ತಿರುವಿನಲ್ಲಿ ಬಸ್ಸು ನಿಧಾನವಾಗುತ್ತಿತ್ತು. ಕಿಟಕಿಯಿಂದ ತಲೆ ಹೊರಹಾಕಿ ಉಗಿಯಲು ಇಪ್ಪತ್ತು ವರ್ಷ ನಾನು ಕಾಯುತ್ತಿದ್ದ ಜಾಗ ಇದೇ. ಅತ್ತ ಕಲ್ಲಿದೆಯೋ, ಅಂಗಡಿಯಿದೆಯೋ ಒಂದು ದಿನವೂ ನೋಡಿರಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಬಾಯಲ್ಲಿದ್ದುದನ್ನೆಲ್ಲ ನುಂಗಿದೆ.

“ಸುಣ್ಣ ಐತೇನಮ್ಮ?” ಎಂದೆ.

ಆಕೆ ಒಳಗಿನಿಂದ ಬಕೆಟ್ಟು, ಬ್ರಷ್ಷು ತಂದುಕೊಟ್ಟಳು.

“ಮುಖಕ್ಕೆ ದಪ್ಪಗೆ ಬಳೀರಿ ಸರ್. ಅಲ್ಲಿಗೇ ಗುರಿ ಇಟ್ಟು ಉಗೀತಾರೆ.”

ಅರ್ಧ ದಿನ ಉಜ್ಜಿ ಹೊರತೆಗೆದಿದ್ದ ಮುಖ, ಎರಡು ಸಲ ಬ್ರಷ್ಷು ಎಳೆಯುವಷ್ಟರಲ್ಲಿ ಮುಚ್ಚಿಹೋಯಿತು.